ಹೆಸರಿಲ್ಲದ ತಂಗಿ

ಮನೆಯಲ್ಲಿ ಒಂದು ಕೂಸು ಕಾಯಿಲೆ ಬಿದ್ದಿತೆಂದರೆ ಎಲ್ಲರ ಕಣ್ಣುಗಳೂ ಅದರ ತೊಟ್ಟಿಲ ಕಡೆಗೇ ತಿರುಗುತ್ತವೆ. ತಾಯಿ ಆಸ್ಪತ್ರೆಯಲ್ಲಿ, ತಂದೆ ಕಛೇರಿಗೂ ಔಷಧದ ಅಂಗಡಿಗೂ ನಡುವೆ, ಅಜ್ಜಿ ದೇವರ ಮುಂದೆ. ಆ ಹೊತ್ತಿನಲ್ಲಿ ಕೂಸಿನ ಅಣ್ಣನೋ ಅಕ್ಕನೋ ಎಲ್ಲಿರುತ್ತಾರೆಂದು ವಾಚಕರು ಎಂದಾದರೂ ಯೋಚಿಸಿದ್ದುಂಟೆ? ಬಹುಮಟ್ಟಿಗೆ ನೆರೆಯವರ ಮನೆಯಲ್ಲಿ, ಯಾರೋ ಬಡಿಸಿದ ಅನ್ನವನ್ನು ಸುಮ್ಮನೆ ಕಲಸುತ್ತ ಕುಳಿತಿರುತ್ತಾರೆ. “ತಂಗಿಗೆ ಏನಾಗಿದೆ?” ಎಂದು ಕೇಳಿದರೆ, “ಏನೂ ಇಲ್ಲ ಮರಿ, ನೀನು ಪಾಠ ಓದಿಕೋ” ಎಂಬ ಉತ್ತರ ಸಿದ್ಧವಾಗಿರುತ್ತದೆ. ಏನೂ ಇಲ್ಲದಿದ್ದರೆ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡದ್ದೇಕೆ? ಇದನ್ನು ಆ ಹುಡುಗ ಯಾರನ್ನೂ ಕೇಳಲಾರ. ತಂಗಿ ಹುಟ್ಟಿದಾಗ ತಾನು ಹೊಟ್ಟೆಕಿಚ್ಚು ಪಟ್ಟದ್ದರಿಂದಲೇ ಹೀಗಾಯಿತೇನೋ ಎಂಬ ಗುಟ್ಟಿನ ಭಯವನ್ನಂತೂ ಅವನು ಯಾರ ಮುಂದೆಯೂ ಬಾಯಿಬಿಟ್ಟು ಹೇಳುವುದಿಲ್ಲ.

ಇಂತಹ ಹುಡುಗನನ್ನು ನಾಯಕನನ್ನಾಗಿ ಮಾಡಿಕೊಂಡ ಒಂದು ಇಂಗ್ಲಿಷ್ ಕಥೆಯನ್ನು ಈ ವಾರ ವಾಚಕರ ಮುಂದಿಡಬೇಕೆನಿಸಿದೆ. ಡೇವಿಡ್ ಆಲ್ಮಂಡ್ ಅವರು ಮಕ್ಕಳಿಗಾಗಿ ಬರೆದ ಮೊದಲ ಕಾದಂಬರಿ ‘ಸ್ಕೆಲಿಗ್’ ಅದು. ೧೯೯೮ರಲ್ಲಿ ಪ್ರಕಟವಾಗಿ, ಆ ವರ್ಷದ ಕಾರ್ನೆಗಿ ಪದಕವನ್ನು ಪಡೆಯಿತು. ಕಥೆ ಚಿಕ್ಕದು. ಮೈಕೇಲ್ ಎಂಬ ಹುಡುಗನ ಸಂಸಾರವು ಹೊಸದಾಗಿ ಕೊಂಡ ಒಂದು ಹಳೆಯ ಮನೆಗೆ ಬಂದಿದೆ. ಗೋಡೆಗಳಿಗೆ ಇನ್ನೂ ಬಣ್ಣವಿಲ್ಲ, ತೋಟದ ತುಂಬ ಕಳೆ. ಅಷ್ಟರಲ್ಲಿ ದಿನ ತುಂಬುವ ಮೊದಲೇ ತಂಗಿ ಹುಟ್ಟಿದ್ದಾಳೆ. ಅವಳ ಹೃದಯ ಸರಿಯಿಲ್ಲ. ಬದುಕುತ್ತಾಳೆಂದು ಯಾರೂ ಧೈರ್ಯವಾಗಿ ಹೇಳುತ್ತಿಲ್ಲ. ಹುಡುಗ ಹಿತ್ತಿಲ ಕಡೆ, ಇಂದೋ ನಾಳೆಯೋ ಕುಸಿದು ಬೀಳುವಂತಿರುವ ಒಂದು ಗ್ಯಾರೇಜಿನೊಳಕ್ಕೆ ಹೋಗಿ ನೋಡುತ್ತಾನೆ. ಅಲ್ಲಿ, ಟೀ ಪೆಟ್ಟಿಗೆಗಳ ಹಿಂದೆ, ಧೂಳು ಜೇಡರ ಬಲೆಗಳ ನಡುವೆ, ಕಪ್ಪು ಸೂಟು ತೊಟ್ಟ ಒಂದು ವ್ಯಕ್ತಿ ಗೋಡೆಗೆ ಒರಗಿ ಕುಳಿತಿದೆ. ಮೈಮೇಲೆಲ್ಲ ಸತ್ತ ನೊಣಗಳು!

ದೇವದೂತನೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಕ್ಯಾಲೆಂಡರಿನ ಚಿತ್ರ: ಬಿಳಿಯ ನಿಲುವಂಗಿ, ತಲೆಯ ಹಿಂದೆ ಪ್ರಭೆ. ಈ ಮಹಾಶಯನಾದರೋ ನೊಣ ಜೇಡಗಳನ್ನು ತಿನ್ನುತ್ತಾನೆ. ಕೀಲುವಾಯುವಿನಿಂದ ಕೈಕಾಲು ಮರಗಟ್ಟಿ ಹೋಗಿವೆ. ಮಾತು ಒರಟು. ಅವನಿಗೆ ಬೇಕಾದದ್ದು ಆಸ್ಪಿರಿನ್ ಮಾತ್ರೆ, ಕಂದು ಬಣ್ಣದ ಬಿಯರು, ಚೀನೀ ಹೋಟೆಲಿನ ಪಟ್ಟಿಯಲ್ಲಿ ೨೭ ಮತ್ತು ೫೩ನೆಯ ಅಂಕಿಯ ತಿನಿಸುಗಳು. ಇವನು ಯಾರು, ಎಲ್ಲಿಂದ ಬಂದ? ಲೇಖಕರು ಕೊನೆಯವರೆಗೂ ಹೇಳುವುದಿಲ್ಲ. ಹೇಳದಿರುವುದೇ ಸರಿ. ಆದರೆ ಅವನ ಬೆನ್ನನ್ನು ಮುಟ್ಟಿ ನೋಡಿದ ಹುಡುಗನ ಕೈಗೆ, ಕೋಟಿನ ಒಳಗೆ ಮಡಿಚಿಟ್ಟ ರೆಕ್ಕೆಗಳಂತೆ ಏನೋ ತಗಲುತ್ತದೆ.

ಇಲ್ಲಿಂದ ಮುಂದೆ ಕಥೆಯ ನಿಜವಾದ ಕೆಲಸ ಆರಂಭವಾಗುತ್ತದೆ. ಮೈಕೇಲನಿಗೆ ತಂಗಿಯ ವಿಷಯದಲ್ಲಿ ಮಾಡಲು ಏನೂ ಇಲ್ಲ. ಅವಳ ಮೈಗೆ ನಳಿಗೆಗಳೂ ತಂತಿಗಳೂ ಅಂಟಿಕೊಂಡಿವೆ; ಅವಳು ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದಾಳೆ; ಅವಳನ್ನು ನೋಡಿಕೊಳ್ಳುವುದು ದೊಡ್ಡವರ, ವೈದ್ಯರ ಪಾಲಿನ ಕೆಲಸ. ಆದರೆ ಗ್ಯಾರೇಜಿನ ಈ ರೋಗಿ ಅವನ ಸ್ವಂತ ರೋಗಿ. ರಾತ್ರಿ ಟಾರ್ಚು ಹಿಡಿದು ಅವನಿಗೆ ಊಟ ಒಯ್ಯಬಹುದು, ಮಾತ್ರೆಯನ್ನು ಬಾಯಿಗೆ ಹಾಕಬಹುದು, ತೋಳು ಹಿಡಿದು ಎಬ್ಬಿಸಬಹುದು. ತಂಗಿಯನ್ನು ನೋಡಲು ಆಸ್ಪತ್ರೆಗೆ ಹೋದ ಹುಡುಗ ಮೆಲ್ಲನೆ ಜಾರಿಕೊಂಡು ಕೀಲುವಾಯುವಿನ ವಾರ್ಡನ್ನು ಹುಡುಕಿ, ಆ ರೋಗಕ್ಕೆ ಏನು ಮದ್ದೆಂದು ವಿಚಾರಿಸುತ್ತಾನೆ. ಕಾಡ್ ಮೀನಿನ ಎಣ್ಣೆ ಒಳ್ಳೆಯದೆಂದು ತಿಳಿದುಬರುತ್ತದೆ. ಓದುವಾಗ ನಗು ಬರುತ್ತದೆ. ಆ ನಗುವಿನ ಅಡಿಯಲ್ಲಿ ಗಂಟಲು ಕಟ್ಟುತ್ತದೆ. ತಂಗಿಗೆ ಮಾಡಲಾಗದ ಶುಶ್ರೂಷೆಯನ್ನೆಲ್ಲ ಅವನು ಇವನಿಗೆ ಮಾಡುತ್ತಿದ್ದಾನೆಂದು ಲೇಖಕರು ಒಂದು ಕಡೆಯೂ ಬಾಯಿಬಿಟ್ಟು ಹೇಳಿಲ್ಲ. ಹತ್ತು ವರ್ಷದ ಓದುಗನಿಗೆ ಅದು ತಾನಾಗಿಯೇ ಅರ್ಥವಾಗುತ್ತದೆ.

ಪಕ್ಕದ ಮನೆಯ ಮೀನಾ ಎಂಬ ಹುಡುಗಿ ಈ ಗುಟ್ಟಿನಲ್ಲಿ ಪಾಲುದಾರಳು. (ನಮ್ಮ ಮೀನಾ ಅಲ್ಲ, ಅಲ್ಲಿಯೂ ಆ ಹೆಸರುಂಟು.) ಅವಳು ಶಾಲೆಗೆ ಹೋಗದೆ ತಾಯಿಯ ಬಳಿಯೇ ಕಲಿಯುವವಳು, ಹಕ್ಕಿಗಳ ವಿಷಯ, ವಿಲಿಯಂ ಬ್ಲೇಕ್ ಕವಿಯ ವಿಷಯ ಬೇಕಾದಷ್ಟು ಬಲ್ಲವಳು. ನಿಜ ಹೇಳಬೇಕೆಂದರೆ ಕೆಲವು ಪುಟಗಳಲ್ಲಿ ಅವಳ ಉಪದೇಶ ಸ್ವಲ್ಪ ಹೆಚ್ಚೇ ಆಯಿತು. ಆದರೆ ಬ್ಲೇಕನ ಹೆಸರು ಈ ಕಥೆಯಲ್ಲಿ ಸುಮ್ಮನೆ ಬಂದದ್ದಲ್ಲವೆಂದು ನನ್ನ ಭಾವನೆ. ಆ ಕವಿಗೆ ರಾಬರ್ಟ್ ಎಂಬ ಪ್ರೀತಿಯ ತಮ್ಮನಿದ್ದ. ೧೭೮೭ರಲ್ಲಿ ಆ ತಮ್ಮ ಕಾಯಿಲೆಯಿಂದ ಸಾಯುವ ಮುನ್ನ ಬ್ಲೇಕ್ ಹಗಲೂ ರಾತ್ರಿ ಹಾಸಿಗೆಯ ಪಕ್ಕ ಬಿಡದೆ ಕುಳಿತು ಆರೈಕೆ ಮಾಡಿದನಂತೆ. ಪ್ರಾಣ ಹೋದ ಕ್ಷಣದಲ್ಲಿ ತಮ್ಮನ ಆತ್ಮವು ಸಂತೋಷದಿಂದ ಚಪ್ಪಾಳೆ ತಟ್ಟುತ್ತ ಮನೆಯ ಮಾಡನ್ನು ಹಾದು ಮೇಲೇರಿದ್ದನ್ನು ಕಂಡೆನೆಂದು ಅವನು ಹೇಳಿಕೊಂಡಿದ್ದಾನೆ. ಪದ್ಯವನ್ನೂ ಚಿತ್ರವನ್ನೂ ಒಂದೇ ತಾಮ್ರದ ತಗಡಿನಿಂದ ಅಚ್ಚು ಹಾಕುವ ತನ್ನ ವಿಧಾನವನ್ನು ಕಲಿಸಿಕೊಟ್ಟವನೂ ಸತ್ತ ಆ ತಮ್ಮನೇ ಎಂದು ಅವನು ನಂಬಿದ್ದ. ಹುಚ್ಚೆನ್ನುವವರು ಎನ್ನಲಿ. ತಮ್ಮನನ್ನು ಕಳೆದುಕೊಂಡವನಿಗೆ ಅದೇ ಆಸರೆಯಾಯಿತು.

ಆಲ್ಮಂಡ್ ಅವರಿಗೂ ಈ ದುಃಖ ಪುಸ್ತಕದಿಂದ ತಿಳಿದದ್ದಲ್ಲ. ೧೯೫೧ರಲ್ಲಿ ಹುಟ್ಟಿ, ಇಂಗ್ಲೆಂಡಿನ ಈಶಾನ್ಯ ಭಾಗದಲ್ಲಿ ಟೈನ್ ನದಿಯ ದಂಡೆಯ ಒಂದು ಸಣ್ಣ ಊರಿನಲ್ಲಿ ಬೆಳೆದವರು ಅವರು. ಅವರ ತಂಗಿಯೊಬ್ಬಳು ಶೈಶವದಲ್ಲಿಯೇ ತೀರಿಕೊಂಡಳು. ಇದನ್ನು ತಿಳಿದು ಓದಿದರೆ ‘ಸ್ಕೆಲಿಗ್’ ಇನ್ನೊಂದು ರೀತಿಯಲ್ಲಿ ಕಾಣುತ್ತದೆ. ರಾತ್ರಿ ಹಾಸಿಗೆಯಲ್ಲಿ ಮಲಗಿ, ದೂರದ ಆಸ್ಪತ್ರೆಯಲ್ಲಿರುವ ತಂಗಿಯ ಎದೆಬಡಿತವನ್ನು ತನ್ನ ಎದೆಯೊಳಗೆ ಆಲಿಸುವ ಹುಡುಗನನ್ನು ಕೇವಲ ಕಲ್ಪನೆಯಿಂದ ಸೃಷ್ಟಿಸುವುದು ಕಷ್ಟ.

ಇನ್ನು ಪವಾಡದ ಮಾತು. ಶಸ್ತ್ರಕ್ರಿಯೆಯ ಹಿಂದಿನ ರಾತ್ರಿ, ಅರೆನಿದ್ರೆಯಲ್ಲಿದ್ದ ತಾಯಿಗೆ ಒಂದು ದೃಶ್ಯ ಕಾಣುತ್ತದೆ. ಕಪ್ಪು ಬಟ್ಟೆಯ ಒಬ್ಬ ವಿಚಿತ್ರ ಮನುಷ್ಯ ವಾರ್ಡಿಗೆ ಬಂದು, ಕೂಸನ್ನು ಎತ್ತಿಕೊಂಡು, ಅದರ ಕಣ್ಣಲ್ಲಿ ಕಣ್ಣಿಟ್ಟು ಮೆಲ್ಲನೆ ಸುತ್ತುತ್ತ ಕುಣಿಯುತ್ತಾನೆ. ಕೂಸಿನ ಬೆನ್ನ ಮೇಲೂ ರೆಕ್ಕೆಗಳಿದ್ದಂತೆ ಅವಳಿಗೆ ತೋರುತ್ತದೆ. ಕನಸೋ ನನಸೋ ಅವಳಿಗೇ ತಿಳಿಯದು. ಅಗ್ಗದ ಕಥೆಗಾರನಾಗಿದ್ದರೆ ಮರುದಿನ ಬೆಳಿಗ್ಗೆ ಕೂಸು ಕಿಲಕಿಲ ನಕ್ಕು, ವೈದ್ಯರು ಮೂಗಿನ ಮೇಲೆ ಬೆರಳಿಟ್ಟುಕೊಳ್ಳುತ್ತಿದ್ದರು. ಇಲ್ಲಿ ಹಾಗಾಗುವುದಿಲ್ಲ. ಬೆಳಗಾದ ಮೇಲೆ ಶಸ್ತ್ರಕ್ರಿಯೆ ನಡೆದೇ ನಡೆಯುತ್ತದೆ. ಹೃದಯವನ್ನು ಸರಿಪಡಿಸುವವರು ವೈದ್ಯರೇ. ಹಾಗಾದರೆ ಆ ರೆಕ್ಕೆಯವನು ಬಂದು ಮಾಡಿದ್ದೇನು? ಕಾಯುವವರ ಒಂದು ರಾತ್ರಿಯನ್ನು ಕಳೆಯಿಸಿದ. ಗಂಭೀರ ಕಾಯಿಲೆಯ ಮನೆಯಲ್ಲಿ ಒಂದು ರಾತ್ರಿ ಎಷ್ಟು ಉದ್ದವಿರುತ್ತದೆಂಬುದನ್ನು ಬಲ್ಲವರು ಇದನ್ನು ಸಣ್ಣ ಕೆಲಸವೆನ್ನಲಾರರು.

ಕೂಸು ಉಳಿಯುತ್ತದೆ. ಕೊನೆಯನ್ನು ಬಯಲು ಮಾಡಿದ್ದಕ್ಕೆ ಕೆಲವರು ಮುನಿಯಬಹುದು. ಆದರೆ ತಂದೆತಾಯಿಯರು ಇದನ್ನು ಮೊದಲೇ ತಿಳಿದಿರಬೇಕು. ಮನೆಯಲ್ಲಿ ನಿಜವಾಗಿಯೂ ಒಂದು ಮಗು ಜೀವನ್ಮರಣದ ನಡುವೆ ಇರುವಾಗ ಈ ಪುಸ್ತಕವನ್ನು ಅದರ ಅಣ್ಣನ ಕೈಗೆ ಕೊಡಬಹುದೆ? ಕಥೆಯ ತಂಗಿ ಉಳಿದು, ತನ್ನ ತಂಗಿ ಉಳಿಯದೆ ಹೋದರೆ? ಈ ಪ್ರಶ್ನೆಯನ್ನು ನಾನು ಬಹಳ ದಿನ ಮನಸ್ಸಿನಲ್ಲಿಟ್ಟು ತೂಗಿದ್ದೇನೆ. ಕೊಡಬಹುದೆಂದೇ ನನಗೆ ತೋರುತ್ತದೆ. ಆದರೆ ಒಬ್ಬನೇ ಓದಲು ಬಿಡದೆ, ಜೊತೆಯಲ್ಲಿ ಕುಳಿತು ಓದಬೇಕು. ಏಕೆಂದರೆ ಈ ಕಥೆ ತಂಗಿ ಉಳಿದೇ ಉಳಿಯುತ್ತಾಳೆಂದು ಮೊದಲಿನಿಂದ ಎಲ್ಲಿಯೂ ಮಾತು ಕೊಡುವುದಿಲ್ಲ. ಭಯವನ್ನು ಭಯವೆಂದೇ ಕರೆಯುತ್ತದೆ. ಸುಳ್ಳು ಸಮಾಧಾನಕ್ಕಿಂತ ಅದು ಮಗುವಿಗೆ ಹೆಚ್ಚು ಹಗುರವೆನಿಸುತ್ತದೆ.

ಇನ್ನೂ ಕಠಿಣವಾದ ದಾರಿಯನ್ನು ಹಿಡಿದವರೂ ಉಂಟು. ಸ್ವೀಡನ್ನಿನ ಆಸ್ಟ್ರಿಡ್ ಲಿಂಡ್‌ಗ್ರೆನ್ ಅವರು ೧೯೭೩ರಲ್ಲಿ ಬರೆದ ಲಯನ್‌ಹಾರ್ಟ್ ಸಹೋದರರ ಕಥೆಯಲ್ಲಿ ಹಾಸಿಗೆ ಹಿಡಿದವನು ತಮ್ಮ. ಅವನಿಗೆ ಸಾವಿನಾಚೆಯ ಒಂದು ನಾಡಿನ ಕಥೆ ಹೇಳಿ ಧೈರ್ಯ ತುಂಬುವವನು ಅಣ್ಣ. ಆದರೆ ಬೆಂಕಿಬಿದ್ದ ಮನೆಯಿಂದ ತಮ್ಮನನ್ನು ಬೆನ್ನ ಮೇಲೆ ಹೊತ್ತು ಹಾರಿ, ಮೊದಲು ಸಾಯುವವನು ಆ ಅಣ್ಣನೇ. ಅದು ದೊಡ್ಡ ಪುಸ್ತಕ. ಅದರ ವಿಷಯ ಬೇರೆ ಒಂದು ವಾರಕ್ಕಿರಲಿ.

‘ಸ್ಕೆಲಿಗ್’ನಲ್ಲಿ ನನ್ನನ್ನು ಹಿಡಿದಿಟ್ಟ ಒಂದು ಸಣ್ಣ ಸಂಗತಿ ಉಳಿದಿದೆ. ಕಥೆಯುದ್ದಕ್ಕೂ ಆ ಕೂಸಿಗೆ ಹೆಸರೇ ಇಲ್ಲ. ಎಲ್ಲರಿಗೂ ಅವಳು ಬರಿಯ ‘ಕೂಸು’. ನಮ್ಮಲ್ಲಾದರೆ ಹನ್ನೊಂದನೆಯದೋ ಹನ್ನೆರಡನೆಯದೋ ದಿನ ತೊಟ್ಟಿಲು ಕಟ್ಟಿ ಕಿವಿಯಲ್ಲಿ ಹೆಸರು ಹೇಳಿಬಿಡುತ್ತೇವೆ. ಅಲ್ಲಿ, ಹೆಸರಿಟ್ಟ ಮೇಲೆ ಕಳೆದುಕೊಂಡರೆ ಎಂಬ ಹೆದರಿಕೆಯೋ, ಹೆಸರಿನ ಬಗೆಗೆ ಯೋಚಿಸಲು ಯಾರಿಗೂ ಬಿಡುವಿಲ್ಲವೋ, ಆ ಮಾತು ಏಳುವುದೇ ಇಲ್ಲ. ಕೂಸು ಮನೆಗೆ ಬಂದ ಮೇಲೆಯೇ ಮೂವರೂ ಕುಳಿತು ಹೆಸರು ಹುಡುಕುತ್ತಾರೆ. ಪಾತಾಳದಿಂದ ಪ್ರತಿ ವಸಂತದಲ್ಲಿ ಮರಳಿ ಬರುವ ಗ್ರೀಕ್ ಪುರಾಣದ ಪರ್ಸೆಫೊನೆಯ ಹೆಸರೂ ಸೂಚನೆಗೆ ಬರುತ್ತದೆ. ಅದು ಬಹಳ ಉದ್ದವಾಯಿತೆಂದು ಬಿಟ್ಟುಬಿಡುತ್ತಾರೆ. ಕೊನೆಗೆ ಒಂದೇ ಉಸಿರಿನಲ್ಲಿ ಕರೆಯಬಹುದಾದ ಹೆಸರು ನಿಲ್ಲುತ್ತದೆ: ‘ಜಾಯ್’. ನಮ್ಮ ಮಾತಿನಲ್ಲಿ ಹೇಳುವುದಾದರೆ, ಆನಂದ.