ಟಿಕೆಟ್ ಇಲ್ಲದ ಸಂಗೀತ ಎಲ್ಲಿದೆ?

ಮಾನ್ಯ ಸಂಪಾದಕರೇ,

ಹೈದರಾಬಾದಿನಲ್ಲಿ ಸಂಗೀತ ಕೇಳಬೇಕಾದರೆ ದುಬಾರಿ ಟಿಕೆಟ್ಟೇ ಗತಿ ಎಂದು ಇಲ್ಲಿಗೆ ಹೊಸದಾಗಿ ಕೆಲಸಕ್ಕೆ ಬಂದ ನಮ್ಮ ಕನ್ನಡದ ಹುಡುಗರು ನಂಬಿಬಿಟ್ಟಿದ್ದಾರೆ. ಅದು ನಿಜವಲ್ಲ.

ಮೆಹದಿಪಟ್ಟಣಂನಲ್ಲಿ ಬಸ್ ಹತ್ತಿ ಮಾಸಬ್ ಟ್ಯಾಂಕ್ ದಾಟಿದರೆ ನಾಂಪಲ್ಲಿ ದೂರವೇನಲ್ಲ. ಅಲ್ಲಿನ ಯೂಸುಫೈನ್ ದರ್ಗಾದಲ್ಲಿ ಗುರುವಾರ ಸಂಜೆ ಕವ್ವಾಲಿ ಇರುತ್ತದೆ. ಮುಖ್ಯ ಗಾಯಕ ಒಂದೇ ಸಾಲನ್ನು ಮತ್ತೆ ಮತ್ತೆ ಎತ್ತಿಕೊಂಡಂತೆ ಹಿಂದೆ ಕೂತವರ ಚಪ್ಪಾಳೆ ಬಿಗಿಯಾಗುತ್ತದೆ, ಢೋಲಕ್ ಅದನ್ನು ಅಟ್ಟಿಸಿಕೊಂಡು ಹೋಗುತ್ತದೆ. ಕೇಳುಗರಲ್ಲಿ ಯಾರೋ ಎದ್ದು ಹತ್ತರ ನೋಟೊಂದನ್ನು ಹಾರ್ಮೋನಿಯಂ ಮುಂದೆ ಇಟ್ಟು ಬರುತ್ತಾರೆ. ತಲೆಗೆ ಕರವಸ್ತ್ರ ಕಟ್ಟಿಕೊಂಡು ಕೂತರಾಯಿತು, ನೀವು ಯಾರೆಂದು ಯಾರೂ ಕೇಳುವುದಿಲ್ಲ.

ಲಕಡಿಕಾಪೂಲ್ ಬಳಿ 1961ರಿಂದಲೂ ಇರುವ ರವೀಂದ್ರ ಭಾರತಿ, ಚಿಕ್ಕಡಪಲ್ಲಿಯ ತ್ಯಾಗರಾಯ ಗಾನಸಭೆಗಳಲ್ಲೂ ಎಷ್ಟೋ ಕಚೇರಿಗಳಿಗೆ ಟಿಕೆಟ್ ಇರುವುದಿಲ್ಲ. ತಂದೆ ಪಂಡಿತ್ ಮೋತಿರಾಮ್ 1934ರಲ್ಲಿ ಕಣ್ಮುಚ್ಚಿದ ಊರೆಂಬ ಋಣಕ್ಕೆ ಪಂಡಿತ್ ಜಸರಾಜ್ 1972ರಲ್ಲಿ ಇಲ್ಲಿ ಆರಂಭಿಸಿದ ಸಂಗೀತ ಸಮಾರೋಹವೂ ಉಚಿತವಾಗಿಯೇ ನಡೆದುಬಂದಿದೆ. ಎಂತೆಂಥ ದಿಗ್ಗಜರು ಅಲ್ಲಿ ಹಾಡಿದ್ದಾರೆ!

ತೊಂದರೆ ಇರುವುದು ಸುದ್ದಿ ತಲುಪುವುದರಲ್ಲಿ. ತೆಲುಗು, ಉರ್ದು ಓದಲು ಬಾರದವರಿಗೆ ಕಾರ್ಯಕ್ರಮ ಮುಗಿದ ಮೇಲಷ್ಟೇ ಗೊತ್ತಾಗುತ್ತದೆ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದವರು ವಾರದ ಪಟ್ಟಿಯೊಂದನ್ನು ಫಲಕದಲ್ಲಿ ಹಾಕಿದರೆ ದೊಡ್ಡ ಉಪಕಾರ. ಹೊರನಾಡ ಕನ್ನಡಿಗರಿಗಾಗಿ ತಾವೂ ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲಿನ ಜಾಗ ಕೊಡಬೇಕೆಂದು ಕೋರುತ್ತೇನೆ.

– ಓದುಗ, ಮೆಹದಿಪಟ್ಟಣಂ, ಹೈದರಾಬಾದ್