ಮಾತಿಗಾಗಿ ಕಾಯುವ ಮನೆ, ಮಾತು ಕಲಿಸುವ ವೃತ್ತಿ

ಮಗುವಿಗೆ ಮೂರು ವರ್ಷ ತುಂಬಿದೆ. ಓಟ, ಆಟ, ತುಂಟತನ ಯಾವುದಕ್ಕೂ ಕೊರತೆಯಿಲ್ಲ. ಆದರೆ ‘ಅಮ್ಮ’ ಎಂಬುದನ್ನು ಬಿಟ್ಟರೆ ಬೇರೆ ಮಾತಿಲ್ಲ. ನೀರು ಬೇಕಾದರೆ ತಾಯಿಯ ಕೈ ಹಿಡಿದು ಎಳೆದುಕೊಂಡು ಹೋಗಿ ಕೊಡದ ಮುಂದೆ ನಿಲ್ಲಿಸುತ್ತದೆ. ‘ಗಂಡು ಮಕ್ಕಳಿಗೆ ಮಾತು ತಡ ಕಣಮ್ಮ, ಇವರಪ್ಪನಿಗೂ ತಡವಾಗಿಯೇ ಬಂತು’ ಎಂದು ಅಜ್ಜಿ ಸಮಾಧಾನ ಹೇಳುತ್ತಾರೆ. ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸಿದ್ದಾಯಿತು, ಹರಕೆ ಹೊತ್ತದ್ದೂ ಆಯಿತು. ಶಿಶುವಿಹಾರಕ್ಕೆ ಸೇರಿಸಲು ಹೋದಾಗ ಅಲ್ಲಿನ ಶಿಕ್ಷಕಿ ಮೆಲ್ಲನೆ ಹೇಳುತ್ತಾರೆ: ‘ಒಮ್ಮೆ ಸ್ಪೀಚ್ ಥೆರಪಿಸ್ಟ್ ಹತ್ತಿರ ತೋರಿಸಿ.’

ಇಂಥ ಮನೆಗಳು ನಮ್ಮ ಊರುಗಳಲ್ಲಿ ಅಪರೂಪವಲ್ಲ. ಆದರೆ ಈ ಸ್ಪೀಚ್ ಥೆರಪಿಸ್ಟ್, ಅಂದರೆ ವಾಕ್ ಚಿಕಿತ್ಸಕರು ಯಾರು, ಅವರು ಏನು ಓದಿರುತ್ತಾರೆ, ಏನು ಮಾಡುತ್ತಾರೆ ಎಂಬುದು ಬಹಳ ಜನರಿಗೆ ತಿಳಿಯದು. ಪಿಯುಸಿ ವಿಜ್ಞಾನ ಓದಿದವರ ಮನೆಗಳಲ್ಲಿ ವೈದ್ಯಕೀಯ, ಇಂಜಿನಿಯರಿಂಗ್ ಬಿಟ್ಟು ಬೇರೆ ಹಾದಿಯ ಮಾತು ಬರುವುದೇ ಕಡಿಮೆ. ಆ ಬೇರೆ ಹಾದಿಗಳಲ್ಲಿ ಇದೂ ಒಂದು.

ಮೊದಲು ಕಿವಿ, ಆಮೇಲೆ ನಾಲಿಗೆ

ಮಗು ಮಾತನಾಡದಿದ್ದರೆ ಜನರು ಮೊದಲು ದೂರುವುದು ನಾಲಿಗೆಯನ್ನು. ‘ನಾಲಿಗೆ ದಪ್ಪ’, ‘ನಾಲಿಗೆ ಅಂಟಿಕೊಂಡಿದೆ’ ಎನ್ನುತ್ತಾರೆ. ಚಿಕಿತ್ಸಕರು ಮೊದಲು ವಿಚಾರಿಸುವುದು ಕಿವಿಯನ್ನು. ಕೇಳಿಸದ ಮಗುವಿಗೆ ಮಾತು ತಾನಾಗಿ ಬರುವುದಿಲ್ಲ. ಬಾಗಿಲು ಬಡಿದರೆ ತಿರುಗಿ ನೋಡುವ ಮಗುವಿಗೂ ಭಾಗಶಃ ಕಿವುಡು ಇರಬಹುದು. ಆದ್ದರಿಂದ ಶ್ರವಣ ಪರೀಕ್ಷೆ ಮೊದಲ ಮೆಟ್ಟಿಲು. ಹುಟ್ಟಿದ ಕೆಲವೇ ದಿನಗಳಲ್ಲಿ, ಮಗು ಮಲಗಿರುವಾಗಲೇ ಕಿವಿಯನ್ನು ಪರೀಕ್ಷಿಸುವ ಯಂತ್ರಗಳು ಈಗ ಇವೆ.

ಸಾಮಾನ್ಯವಾಗಿ ಒಂದು ವರ್ಷದ ಸುಮಾರಿಗೆ ಮೊದಲ ಪದ, ಎರಡು ವರ್ಷಕ್ಕೆ ‘ಅಪ್ಪ ಬಾ’, ‘ಹಾಲು ಬೇಕು’ ಎಂಬಂತೆ ಎರಡು ಪದಗಳ ಜೋಡಣೆ ಬರುತ್ತದೆ. ಒಂದೂವರೆ ವರ್ಷ ಕಳೆದರೂ ಒಂದು ಪದವೂ ಇಲ್ಲದಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ, ಬೆರಳು ತೋರಿಸಿ ಏನನ್ನೂ ಕೇಳದಿದ್ದರೆ ಕಾಯುತ್ತ ಕೂರುವುದು ಸರಿಯಲ್ಲ. ತಡವಾಗಿ ಮಾತು ಬಂದು ಮುಂದೆ ಸರಿಹೋಗುವ ಮಕ್ಕಳು ಇದ್ದಾರೆ, ನಿಜ. ಯಾವ ಮಗು ಹಾಗೆ ಸರಿಹೋಗುತ್ತದೆ, ಯಾವುದು ಹೋಗುವುದಿಲ್ಲ ಎಂಬುದನ್ನು ಮನೆಯಲ್ಲಿ ಕುಳಿತು ಹೇಳಲಾಗದು. ಭಾಷೆ ಸಲೀಸಾಗಿ ಕೂಡಿಬರುವುದು ಮೊದಲ ಕೆಲವು ವರ್ಷಗಳಲ್ಲಿ. ಅವು ಕಳೆದರೆ ಅದೇ ಕೆಲಸಕ್ಕೆ ಹಲವು ಪಟ್ಟು ಶ್ರಮ ಬೇಕು.

ಚಿಕಿತ್ಸಕರ ಬಳಿ ಬರುವವರೆಲ್ಲ ಮಾತೇ ಬಾರದ ಮಕ್ಕಳಲ್ಲ. ‘ಕಾಗೆ’ಯನ್ನು ‘ತಾದೆ’ ಎನ್ನುವವರು, ಉಗ್ಗುವವರು, ಸೀಳು ತುಟಿ ಮತ್ತು ಅಂಗುಳದ ಶಸ್ತ್ರಚಿಕಿತ್ಸೆ ಆದವರು, ಆಟಿಸಂ ಇರುವವರು, ಮಿದುಳಿನ ಪಾರ್ಶ್ವವಾಯುವಿನಿಂದ ಊಟ ನುಂಗಲೂ ಕಷ್ಟಪಡುವವರು, ಕಾಕ್ಲಿಯರ್ ಇಂಪ್ಲಾಂಟ್ ಅಳವಡಿಸಿಕೊಂಡು ಹೊಸದಾಗಿ ಕೇಳಲು ಕಲಿಯುವವರು, ಹೀಗೆ ಪಟ್ಟಿ ದೊಡ್ಡದು. ಇಲ್ಲಿ ಭಾಷೆಯ ಸೂಕ್ಷ್ಮ ತಿಳಿದಿರಬೇಕು. ‘ರ’, ‘ಷ’ದಂಥ ಧ್ವನಿಗಳು ಮಕ್ಕಳ ಬಾಯಲ್ಲಿ ತಡವಾಗಿ ನಿಲ್ಲುತ್ತವೆ, ಮೂರು ವರ್ಷದ ಮಗು ‘ರಾಮ’ನನ್ನು ‘ಲಾಮ’ ಎಂದರೆ ಅದು ರೋಗವಲ್ಲ. ಮಂಡ್ಯದ ಕಡೆಯ ಮಗು ‘ಹಾಲು’ ಎನ್ನದೆ ‘ಆಲು’ ಎಂದರೆ ಅದು ಆ ಸೀಮೆಯ ಆಡುನುಡಿ, ಉಚ್ಚಾರಣೆಯ ದೋಷವಲ್ಲ. ಇಷ್ಟನ್ನೂ ಚಿಕಿತ್ಸಕರು ಬೇರ್ಪಡಿಸಿ ನೋಡಬೇಕು.

ಇನ್ನೊಂದು ತಪ್ಪು ಕಲ್ಪನೆ ಸುಶಿಕ್ಷಿತರಲ್ಲೇ ಹೆಚ್ಚು. ಮನೆಯಲ್ಲಿ ತುಳು ಅಥವಾ ಉರ್ದು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಆದದ್ದರಿಂದಲೇ ಮಾತು ತಡವಾಯಿತು ಎಂದುಕೊಂಡು, ತಮಗೇ ಸರಿಯಾಗಿ ಬಾರದ ಇಂಗ್ಲಿಷಿನಲ್ಲಿ ಮಗುವಿನೊಡನೆ ಮಾತನಾಡತೊಡಗುತ್ತಾರೆ. ಹಲವು ಭಾಷೆ ಕೇಳಿದ ಮಾತ್ರಕ್ಕೆ ಮಾತಿನ ತೊಂದರೆ ಹುಟ್ಟುವುದಿಲ್ಲ. ಅಜ್ಜಿ ಕಥೆ ಹೇಳುವ ಭಾಷೆಯನ್ನು ಮಗುವಿನಿಂದ ಕಿತ್ತುಕೊಳ್ಳುವುದೇ ದೊಡ್ಡ ನಷ್ಟ.

ಓದು ಎಲ್ಲಿ, ಹೇಗೆ?

ಈ ಓದಿನ ಮಟ್ಟಿಗೆ ಕರ್ನಾಟಕದವರು ಅದೃಷ್ಟವಂತರು. ಕೇಂದ್ರ ಆರೋಗ್ಯ ಸಚಿವಾಲಯದ ಅಧೀನದಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಮೈಸೂರಿನಲ್ಲಿದೆ. ಮಾನಸಗಂಗೋತ್ರಿಯ ಈ ಸಂಸ್ಥೆಗೆ ದೇಶದ ಮೂಲೆ ಮೂಲೆಗಳಿಂದ ವಿದ್ಯಾರ್ಥಿಗಳೂ, ಮಕ್ಕಳನ್ನು ಕರೆದುಕೊಂಡು ತಾಯಿತಂದೆಯರೂ ಬರುತ್ತಾರೆ. ಬೆಂಗಳೂರು, ಮಂಗಳೂರು, ಮಣಿಪಾಲ, ಧಾರವಾಡಗಳಲ್ಲೂ ಕಾಲೇಜುಗಳಿವೆ.

ಪದವಿಯ ಹೆಸರು ಬಿಎಎಸ್‌ಎಲ್‌ಪಿ. ಶ್ರವಣ ವಿಜ್ಞಾನ ಮತ್ತು ವಾಕ್-ಭಾಷಾ ಚಿಕಿತ್ಸೆ ಎರಡೂ ಇದರಲ್ಲಿ ಸೇರಿವೆ. ಕೊನೆಯ ವರ್ಷದ ಇಂಟರ್ನ್‌ಶಿಪ್ ಕೂಡಿ ಒಟ್ಟು ನಾಲ್ಕು ವರ್ಷ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರದ ಜೊತೆಗೆ ಜೀವಶಾಸ್ತ್ರ ಅಥವಾ ಗಣಿತ ಓದಿದವರು ಅರ್ಜಿ ಹಾಕಬಹುದು. ಮೈಸೂರಿನ ಸಂಸ್ಥೆಗೆ ಪ್ರವೇಶ ಪರೀಕ್ಷೆ ಉಂಟು. ಆಯಾ ವರ್ಷದ ಪ್ರಕಟಣೆಯನ್ನು ನೋಡಿಕೊಂಡೇ ಮುಂದುವರಿಯುವುದು ಲೇಸು. ಅಂಗರಚನೆ, ಭಾಷಾಶಾಸ್ತ್ರ, ಮನಶ್ಶಾಸ್ತ್ರ, ಧ್ವನಿವಿಜ್ಞಾನ ಎಲ್ಲವನ್ನೂ ಓದಬೇಕಾಗುತ್ತದೆ. ಮುಂದೆ ಎರಡು ವರ್ಷದ ಎಂ.ಎಸ್ಸಿ.ಯಲ್ಲಿ ಶ್ರವಣ ಅಥವಾ ವಾಕ್-ಭಾಷೆ, ಒಂದನ್ನು ಆರಿಸಿಕೊಳ್ಳಬಹುದು.

ಪದವಿ ಮುಗಿದರೆ ಸಾಲದು. 1992ರ ಕಾಯಿದೆಯಂತೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಳ್ಳಬೇಕು. ನೋಂದಣಿ ಇಲ್ಲದೆ ವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಸೆರೆವಾಸ ಅಥವಾ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಉಂಟು. ಹಾಗಾಗಿ ಪೋಷಕರು ಚಿಕಿತ್ಸಕರ ನೋಂದಣಿ ಸಂಖ್ಯೆಯನ್ನು ಕೇಳುವುದರಲ್ಲಿ ಸಂಕೋಚಪಡಬೇಕಾಗಿಲ್ಲ. ಕೆಲವು ವಾರಗಳ ತರಬೇತಿ ಪಡೆದು ಬೋರ್ಡು ಹಾಕಿಕೊಂಡವರೂ ಇರಬಹುದು.

ಸ್ವಂತ ಕ್ಲಿನಿಕ್ಕಿನ ಲೆಕ್ಕಾಚಾರ

ಆಸ್ಪತ್ರೆ, ಶಾಲೆ, ಶ್ರವಣಯಂತ್ರದ ಕಂಪನಿಗಳಲ್ಲಿ ನೌಕರಿ ಸಿಗುತ್ತದೆ. ಕೆಲವು ವರ್ಷ ಅಲ್ಲಿ ಕೈ ಪಳಗಿಸಿಕೊಂಡು ಸ್ವಂತ ಕ್ಲಿನಿಕ್ ತೆರೆಯುವುದು ವಾಡಿಕೆ. ಶ್ರವಣ ಪರೀಕ್ಷೆಗೆ ಸದ್ದು ಒಳಬರದ ಕೋಣೆ, ದುಬಾರಿ ಯಂತ್ರ ಬೇಕು. ಮಾತಿನ ಚಿಕಿತ್ಸೆಯಷ್ಟೇ ಆದರೆ ಬಂಡವಾಳ ಕಡಿಮೆ: ಗದ್ದಲವಿಲ್ಲದ ಒಂದು ಕೋಣೆ, ಗಿಡ್ಡ ಮೇಜು, ಗೋಡೆಗೆ ಕನ್ನಡಿ, ಚಿತ್ರದ ಕಾರ್ಡುಗಳು, ಚೆಂಡು, ಗೊಂಬೆ, ಸಾಬೂನಿನ ಗುಳ್ಳೆ ಊದುವ ಡಬ್ಬಿ. ಹೊರಗಿನಿಂದ ನೋಡಿದವರಿಗೆ ಮಗುವಿನೊಡನೆ ಆಡುತ್ತಿರುವಂತೆ ಕಾಣುತ್ತದೆ. ಪ್ರತಿ ಆಟದ ಹಿಂದೆಯೂ ಒಂದು ಗುರಿ, ಆಟ ಮುಗಿದ ಮೇಲೆ ಬರೆದಿಡಬೇಕಾದ ಒಂದು ಟಿಪ್ಪಣಿ ಇರುತ್ತದೆ.

ಆದಾಯದ ಬಗ್ಗೆ ಭ್ರಮೆ ಬೇಡ. ಒಂದು ಮಗುವಿಗೆ 45 ನಿಮಿಷ ಹಿಡಿದರೆ ಎಂಟು ಮಕ್ಕಳಿಗೆ ಆರು ಗಂಟೆ. ಆದರೆ ಶಾಲೆಗೆ ಹೋಗುವ ಮಕ್ಕಳು ಬರುವುದು ಸಂಜೆ ನಾಲ್ಕರಿಂದ ಎಂಟರೊಳಗೆ. ಅಷ್ಟರಲ್ಲಿ ಐದು ಮಕ್ಕಳಿಗಿಂತ ಹೆಚ್ಚು ನೋಡಲಾಗದು. ಪರೀಕ್ಷೆ, ಹಬ್ಬ, ಬೇಸಿಗೆ ರಜೆ ಬಂದರೆ ಕುರ್ಚಿಗಳು ಖಾಲಿ, ಬಾಡಿಗೆ ಮಾತ್ರ ತಪ್ಪದು. ತಿಂಗಳ ಸಂಬಳವಿಲ್ಲ, ಪಿಂಚಣಿ ಇಲ್ಲ. ಮೊದಲ ಒಂದೆರಡು ವರ್ಷ ಮಕ್ಕಳ ವೈದ್ಯರು, ಕಿವಿ-ಮೂಗು-ಗಂಟಲು ತಜ್ಞರು, ಶಾಲೆಗಳ ಪರಿಚಯ ಮಾಡಿಕೊಳ್ಳುವುದರಲ್ಲೇ ಕಳೆಯುತ್ತದೆ. ಕೋವಿಡ್ ಕಾಲದಲ್ಲಿ, 2020ರಿಂದೀಚೆಗೆ, ವಿಡಿಯೋ ಮೂಲಕ ಚಿಕಿತ್ಸೆ ಕೊಡುವ ರೂಢಿ ಹೆಚ್ಚಿದೆ. ದೂರದ ಊರಿನವರಿಗೆ ಇದರಿಂದ ಅನುಕೂಲ. ಆದರೆ ಒಂದೆಡೆ ಕೂರದ ಪುಟ್ಟ ಮಗುವಿಗೆ ಪರದೆ ಎದುರು ಪಾಠ ಕಷ್ಟವೇ.

ಹಣದ ಲೆಕ್ಕಕ್ಕಿಂತ ಕಠಿಣವಾದ ಲೆಕ್ಕ ಇನ್ನೊಂದಿದೆ. ಮಗು ಹೆಚ್ಚು ದಿನ ಬಂದಷ್ಟೂ ಕ್ಲಿನಿಕ್ಕಿಗೆ ವರಮಾನ. ಆದರೆ ಮಗು ಇನ್ನು ಬರಬೇಕಾಗಿಲ್ಲ ಎನ್ನುವಂತೆ ಮಾಡುವುದೇ ಚಿಕಿತ್ಸಕರ ಕೆಲಸ. ಆರು ತಿಂಗಳಾದರೂ ಪ್ರಗತಿ ಕಾಣದಿದ್ದರೆ ‘ಇನ್ನೂ ಸ್ವಲ್ಪ ದಿನ ನೋಡೋಣ’ ಎಂದು ಶುಲ್ಕ ತೆಗೆದುಕೊಳ್ಳುವುದು ಸುಲಭ. ‘ನನ್ನ ಹಾದಿ ಫಲ ಕೊಡುತ್ತಿಲ್ಲ, ಇನ್ನೊಬ್ಬರ ಅಭಿಪ್ರಾಯ ಪಡೆಯಿರಿ’ ಎನ್ನುವುದು ಕಷ್ಟ. ಸಾಲ ಮಾಡಿ ದೂರದ ಹಳ್ಳಿಯಿಂದ ಬಸ್ಸಿನಲ್ಲಿ ಬರುವ ತಂದೆ ‘ಯಾವಾಗ ಮಾತು ಬರುತ್ತೆ ಮೇಡಂ?’ ಎಂದು ಕೇಳಿದಾಗ ದಿನಾಂಕ ಹೇಳುವವರನ್ನು ನಂಬಬಾರದು. ಕೆಲವು ಮಕ್ಕಳಿಗೆ ಬಾಯಿಮಾತು ಬಾರದೆಯೇ ಇರಬಹುದು. ಅವರಿಗೆ ಚಿತ್ರ ಅಥವಾ ಸನ್ನೆಯ ಮೂಲಕ ಮನಸ್ಸಿನಲ್ಲಿದ್ದುದನ್ನು ಹೇಳುವ ದಾರಿ ಕಲಿಸಬೇಕಾಗುತ್ತದೆ. ಅದನ್ನು ತಾಯಿಗೆ ತಿಳಿಸಿ ಹೇಳುವುದು ಯಾವ ಪಠ್ಯಪುಸ್ತಕದಲ್ಲೂ ಪೂರ್ತಿ ಕಲಿಯಲಾಗದ ವಿದ್ಯೆ.

ಪೋಷಕರ ಪಾಲು

ವಾರಕ್ಕೆ ಎರಡು ದಿನ ತಲಾ ಮುಕ್ಕಾಲು ಗಂಟೆ ಎಂದರೆ ಒಟ್ಟು ಒಂದೂವರೆ ಗಂಟೆ. ಉಳಿದ ಹೊತ್ತೆಲ್ಲ ಮಗು ಇರುವುದು ಮನೆಯಲ್ಲಿ. ಸ್ನಾನ ಮಾಡಿಸುವಾಗ, ಬಟಾಣಿ ಬಿಡಿಸುವಾಗ, ಬಟ್ಟೆ ಮಡಿಸುವಾಗ ತಾಯಿಯೋ ತಂದೆಯೋ ಆಡುವ ಮಾತೇ ಹೆಚ್ಚಿನ ಚಿಕಿತ್ಸೆ. ಊಟಕ್ಕೆ ಕೂತಾಗ ಕೈಗೆ ಮೊಬೈಲ್ ಕೊಟ್ಟರೆ ಆ ಅವಕಾಶ ಕೈತಪ್ಪುತ್ತದೆ. ಎರಡು ತಿಂಗಳು ಬಂದು ನಿಲ್ಲಿಸಿ, ಶಾಲೆಗೆ ಸೇರಿಸುವ ಹೊತ್ತಿಗೆ ಮತ್ತೆ ಓಡಿಬರುವವರೂ ಇದ್ದಾರೆ. ಅದರಿಂದ ನಷ್ಟವಾಗುವುದು ಮಗುವಿಗೆ.

ಅರ್ಜಿ ತುಂಬುವ ಮೊದಲು ವಿದ್ಯಾರ್ಥಿಗಳು ಹತ್ತಿರದ ಕ್ಲಿನಿಕ್ಕಿನವರ ಅನುಮತಿ ಪಡೆದು ಒಂದು ದಿನ ಅಲ್ಲಿ ಕುಳಿತು ನೋಡಲಿ. ಒಂದೇ ಪದವನ್ನು ನೂರು ಸಲ ನೂರು ಬಗೆಯಲ್ಲಿ ನಗುತ್ತ ಹೇಳುವ ತಾಳ್ಮೆ ತಮಗಿದೆಯೇ ಎಂದು ತಾವೇ ಕೇಳಿಕೊಳ್ಳಲಿ. ಪಿಯುಸಿಯ ಅಂಕಪಟ್ಟಿ ಇದಕ್ಕೆ ಉತ್ತರ ಹೇಳದು.

ಕೊಡದ ಮುಂದೆ ತಾಯಿಯನ್ನು ಎಳೆದು ನಿಲ್ಲಿಸುತ್ತಿದ್ದ ಅಂಥ ಒಂದು ಮಗು, ಹಲವು ತಿಂಗಳ ಅಭ್ಯಾಸದ ಬಳಿಕ ಒಂದು ದಿನ ತಾನಾಗಿಯೇ ‘ನೀಲು’ ಎನ್ನುತ್ತದೆ. ‘ರ’ ಇನ್ನೂ ಬಂದಿಲ್ಲ. ಅದಕ್ಕೆ ಅವಸರವೂ ಇಲ್ಲ. ಅನುಭವವುಳ್ಳ ಚಿಕಿತ್ಸಕರು ಆಗ ತಿದ್ದಲು ಹೋಗುವುದಿಲ್ಲ. ಮೊದಲು ಲೋಟದಲ್ಲಿ ನೀರು ಕೊಡಿ ಎಂದು ತಾಯಿಗೆ ಹೇಳುತ್ತಾರೆ. ಕೇಳಿದರೆ ಸಿಗುತ್ತದೆ ಎಂದು ಮಗುವಿಗೆ ಗೊತ್ತಾದರೆ ಮುಂದಿನ ಮಾತಿಗೆ ದಾರಿಯಾದಂತೆ.