ಬರದ ಲೆಕ್ಕದಲ್ಲಿ ಬಿಸಿಲಿನ ಪಾಲು

2023ನೆಯ ಇಸವಿಯಲ್ಲಿ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರ್ಕಾರವು ಸಾರಬೇಕಾಗಿ ಬಂದಾಗ, ಪೆಸಿಫಿಕ್ ಸಾಗರದ ಎಲ್ ನಿನೋ ಒಂದನ್ನೇ ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸಿ ಸಮಾಧಾನಪಟ್ಟವರು ಕೆಲವರು; ಹವಾಮಾನ ಬದಲಾವಣೆಯೆಂಬ ಮಾತನ್ನುಚ್ಚರಿಸಿ, ಅಲ್ಲಿಗೆ ವಿಚಾರವು ತೀರಿತೆಂದು ಭಾವಿಸಿದವರು ಮತ್ತೆ ಕೆಲವರು. ಉಭಯಪಕ್ಷಗಳಲ್ಲಿಯೂ ಸತ್ಯಾಂಶವುಂಟು, ಅದರ ಪ್ರಮಾಣವೆಷ್ಟೆಂದು ವಿವೇಚಿಸುವ ತಾಳ್ಮೆ ಮಾತ್ರ ನಮ್ಮ ಚರ್ಚೆಗಳಲ್ಲಿ ವಿರಳವಾಗಿದೆ.

ನೈರುತ್ಯ ಮಾರುತಗಳ ನೀರನ್ನು ಪಶ್ಚಿಮಘಟ್ಟವು ತನ್ನ ಪಡುವಣ ಮಗ್ಗುಲಿನಲ್ಲಿಯೇ ಇಳಿಸಿಕೊಂಡು ಮೂಡಣಕ್ಕೆ ಒಣಗಾಳಿಯನ್ನು ಕಳುಹಿಸುವುದರಿಂದ, ಬಯಲುಸೀಮೆಗೆ ಬರವು ಎಂದೂ ಅಪರಿಚಿತವಲ್ಲ. 1876ರಿಂದ 1878ರವರೆಗೆ ಮೈಸೂರು ಸಂಸ್ಥಾನದ ಜನರಲ್ಲಿ ಸುಮಾರು ಐದನೆಯ ಒಂದು ಪಾಲನ್ನು ಅಪಹರಿಸಿದ ಮಹಾಕ್ಷಾಮವು ಒದಗಿದಾಗ, ಕಲ್ಲಿದ್ದಲ ಹೊಗೆಯಿಂದ ಭೂಮಂಡಲವು ಇನ್ನೂ ಇಂದಿನಂತೆ ಕಾದಿರಲಿಲ್ಲ; ಅಂದಿಗೂ ಪ್ರಬಲವಾದ ಎಲ್ ನಿನೋ ಇದ್ದಿತು. ಆದುದರಿಂದ ಮಳೆ ಕೈಕೊಟ್ಟ ಪ್ರತಿಯೊಂದು ವರ್ಷವನ್ನೂ ತಾಪವೃದ್ಧಿಯ ಖಾತೆಗೆ ಬರೆಯುವುದು ಶಾಸ್ತ್ರಸಮ್ಮತವಲ್ಲ.

ಹಾಗಾದರೆ ತಾಪದ ಪಾತ್ರವೇನು? ಗಾಳಿಯ ಉಷ್ಣತೆಯು ಒಂದು ಡಿಗ್ರಿ ಸೆಲ್ಸಿಯಸ್ ಏರಿದಲ್ಲಿ ಅದು ಧರಿಸಬಲ್ಲ ನೀರಾವಿಯು ಶೇ. 7ರಷ್ಟು ಹೆಚ್ಚುತ್ತದೆ, ಹೀಗೆ ದಾಹಗೊಂಡ ಗಾಳಿಯು ಮಣ್ಣಿನಿಂದಲೂ ಕೆರೆಯಿಂದಲೂ ಪೈರಿನ ಎಲೆಯಿಂದಲೂ ಮೊದಲಿಗಿಂತ ಅಧಿಕವಾಗಿ ನೀರನ್ನು ಹೀರುತ್ತದೆ, ಹೀರಿದ್ದನ್ನು ಕೊಡುವ ಕಾಲ ಬಂದಾಗಲೋ ಒಮ್ಮೆಗೇ ಸುರಿದುಬಿಡುತ್ತದೆ. ಮಖೆ ಹುಬ್ಬೆಗಳಲ್ಲಿ ಬಿಟ್ಟುಬಿಟ್ಟು ಹನಿಯಬೇಕಾದುದು ಎರಡೇ ದಿನದಲ್ಲಿ ಬಿದ್ದು ಹಳ್ಳದ ಪಾಲಾದರೆ, ಮಳೆಮಾಪಕವು ವಾಡಿಕೆಯ ಮಳೆಯನ್ನೇ ತೋರಿಸುತ್ತಿರಲು, ಶೇಂಗಾ ಕಾಯಿಕಟ್ಟುವ ಹೊತ್ತಿಗೆ ಹೊಲದಲ್ಲಿ ಹಸಿಯೇ ಇರುವುದಿಲ್ಲ. ತಾಪವು ಬರವನ್ನು ತೀವ್ರಗೊಳಿಸುವುದೆಂಬುದು ಊಹೆಯ ಮಾತಲ್ಲ. 2020ರ ಅಂತ್ಯದಿಂದ ಸತತವಾಗಿ ಐದು ಮಳೆಗಾಲಗಳು ವಿಫಲವಾಗಿ ಸೊಮಾಲಿಯಾ, ಇಥಿಯೋಪಿಯಾ, ಕೀನ್ಯಾಗಳ ಪಶುಪಾಲಕರು ಮಂದೆಗಳನ್ನು ಕಳೆದುಕೊಂಡಾಗ, ಆ ಬರವನ್ನು ಪರಿಶೀಲಿಸಿದ ವಿಜ್ಞಾನಿಗಳು, ಅಷ್ಟೇ ಅಲ್ಪ ಮಳೆ ತಂಪಾದ ಹಿಂದಿನ ಜಗತ್ತಿನಲ್ಲಿ ಬಿದ್ದಿದ್ದರೆ ಅಂತಹ ಬರವು ಉಂಟಾಗುತ್ತಲೇ ಇರಲಿಲ್ಲವೆಂದು ನಿರ್ಣಯಿಸಿದರು.

ನಮ್ಮ ಬರಘೋಷಣೆಯ ಕ್ರಮವಾದರೋ ಈ ಬಿಸಿಲನ್ನು ಇನ್ನೂ ಸರಿಯಾಗಿ ಗುರುತಿಸಿಲ್ಲ. ಕೇಂದ್ರದ 2016ರ ಬರ ಕೈಪಿಡಿಯು ಮಳೆಯ ಕೊರತೆಯನ್ನೂ ಮಳೆಯಿಲ್ಲದ ದಿನಗಳ ಅವಧಿಯನ್ನೂ ಮೊದಲ ಬಾಗಿಲಾಗಿ ನಿಲ್ಲಿಸಿ, ಮಣ್ಣಿನ ತೇವವನ್ನು ಆಮೇಲೆ ನೋಡತಕ್ಕ ಲಕ್ಷಣಗಳಲ್ಲಿ ಸೇರಿಸಿದೆ. ಮಳೆ ಸಾಧಾರಣವಾಗಿ ಬಿದ್ದೂ ಬಿಸಿಲಿಗೆ ಬೆಂದ ತಾಲ್ಲೂಕು ಆ ಬಾಗಿಲನ್ನು ದಾಟುವುದೇ ಕಷ್ಟ. ದಾಟಿದ ಮೇಲಿನ ಪಾಡನ್ನೂ ಕಂಡೆವು: ರಾಜ್ಯವು ಕೇಳಿದ್ದು 18,171 ಕೋಟಿ ರೂಪಾಯಿ, ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ಮೇಲೆ 2024ರ ಏಪ್ರಿಲಿನಲ್ಲಿ ದೊರೆತದ್ದು 3,500 ಕೋಟಿಗೂ ಕಡಿಮೆ; ಅಷ್ಟರೊಳಗೆ ಮುಂದಿನ ಮುಂಗಾರಿನ ಉಳುಮೆಯೇ ಸಮೀಪಿಸಿತ್ತು.

ಇಷ್ಟಾದರೂ ತಾಪವೃದ್ಧಿಯು ಆಳುವವರ ಬಾಯಲ್ಲಿ ಹಣೆಬರಹದ ಸ್ಥಾನವನ್ನಾಕ್ರಮಿಸುತ್ತಿರುವುದನ್ನು ಕಂಡಾಗ ನನಗೆ ಸಂಶಯವುಂಟಾಗುತ್ತದೆ. ಕೋಲಾರದಲ್ಲಿ ಸಾವಿರ ಅಡಿ ಕೊರೆದರೂ ನೀರು ಸಿಕ್ಕೀತೆಂಬ ನೆಚ್ಚಿಕೆಯಿಲ್ಲದಂತೆ ಮಾಡಿದ್ದು, ತೂಬು ಮುರಿದು ಹೂಳು ತುಂಬಿದ ಕೆರೆಯಂಗಳಗಳಲ್ಲಿ ನಿವೇಶನಗಳನ್ನು ಹಂಚಿದ್ದು, ನೀರಗಂಟಿಯ ಕಾಯಕವನ್ನು ಅಳಿಯಗೊಟ್ಟದ್ದು, ಮಳೆನೆರಳಿನ ಹೊಲಗಳಿಗೆ ಕೊಳವೆಬಾವಿಯ ಬಲದಿಂದ ಅಡಿಕೆಯನ್ನು ಹಬ್ಬಿಸಿದ್ದು ಇವಾವುವೂ ಇಂಗಾಲದ ಕೃತ್ಯಗಳಲ್ಲ. ಬಿಸಿಲೇರುವುದೆಂದು ತಿಳಿದ ನಾಡು ತೇವವನ್ನು ಹಿಡಿದಿಡುವ ಏರ್ಪಾಡುಗಳನ್ನು ಇಮ್ಮಡಿಸಬೇಕಾಗಿತ್ತು. ನಾವು ಇದ್ದುದನ್ನೂ ಕೆಡವಿದೆವು. ಮಣ್ಣಿನ ತೇವದ ಅಳತೆಯನ್ನು ಮಳೆಯ ಅಳತೆಗೆ ಸಮಾನವಾದ ಮೊದಲ ಲಕ್ಷಣವೆಂದು ಕೈಪಿಡಿಯಲ್ಲಿ ತಿದ್ದುವುದೂ, ಕೆರೆಗಳ ಹೂಳೆತ್ತುವ ಕೆಲಸವನ್ನು ಬರಪರಿಹಾರದ ಹಣಕ್ಕೆ ಕಾಯದೆ ವರ್ಷವರ್ಷದ ಆಯವ್ಯಯದಲ್ಲಿಯೇ ಸೇರಿಸಿ ಮುಂಗಾರಿಗೆ ಮೊದಲು ಮುಗಿಸುವುದೂ ಕೇಂದ್ರ ರಾಜ್ಯಗಳ ಕೈಯಲ್ಲಿರುವ ಕೆಲಸಗಳು. ಅವಕ್ಕೆ ಯಾವ ಅಂತರರಾಷ್ಟ್ರೀಯ ಒಪ್ಪಂದದ ಅಪ್ಪಣೆಯೂ ಬೇಕಿಲ್ಲ.